ದೇವರ ಜಡೆಯೋ, ಬಾಟಲಿ ಜಡೆಯೋ?

ನಮ್ಮ ಮನೆ ಹುಡುಗಿಯ ತಲೆಗೆ ದೇವರು ಬಂದು ಸೇರಿಕೊಂಡಿದ್ದಾನೆ ಎಂದು ಪಕ್ಕದ ಮನೆ ರುದ್ರಮ್ಮ ತೀರ್ಪು ಕೊಟ್ಟಿದ್ದು ಹೋದ ಸೋಮವಾರ. ಅದೂ ಬೆಳಗಿನ ಕಾಫಿ ಒಲೆಯಿಂದ ಇಳಿಯುವ ಮೊದಲೇ.

ಹುಡುಗಿ ಎಂದರೆ ನನ್ನ ಮೊಮ್ಮಗಳು ಗಿರಿಜ. ಹತ್ತೊಂಬತ್ತು ವರ್ಷ. ಶೆಟ್ಟಿಕೆರೆಯಿಂದ ದಿನಾ ಬಸ್ಸು ಹತ್ತಿ ತಿಪಟೂರಿಗೆ ಟೀಚರ್ ಟ್ರೈನಿಂಗಿಗೆ ಹೋಗುತ್ತಾಳೆ. ಇನ್ನು ಆರು ತಿಂಗಳು ಕಳೆದರೆ ಮೇಡಂ ಆಗುತ್ತಾಳೆ. ಅವತ್ತು ಜಗಲಿ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆ ಕತ್ತಿನ ಹತ್ತಿರ ಸಿಕ್ಕಿಕೊಂಡಿತು. ಎಳೆದಳು. ಬಾಚಣಿಗೆಯ ಹಲ್ಲು ಮುರಿಯಿತೇ ಹೊರತು ಕೂದಲು ಬಿಡಲಿಲ್ಲ. ಇನ್ನೊಮ್ಮೆ ಎಳೆದು ‘ಅಜ್ಜೀ’ ಎಂದು ಕೂಗಿದಳು.

ನಾನು ಒಳಗಿಂದ ಬರುವಷ್ಟರಲ್ಲಿ ರುದ್ರಮ್ಮ ಬಂದಾಗಿತ್ತು. (ನಮ್ಮ ಮನೆಯಲ್ಲಿ ಲೋಟ ಬಿದ್ದರೂ ಅವಳ ಮನೆಯಲ್ಲಿ ಸದ್ದಾಗುತ್ತದೆ.) ಹುಡುಗಿಯ ಕೂದಲು ಎತ್ತಿ ನೋಡಿದಳು. ಕತ್ತಿನ ಹಿಂದೆ, ಕೆಳಪದರದಲ್ಲಿ, ಹೆಬ್ಬೆರಳು ದಪ್ಪದ ಎರಡು ಗಂಟು. ಹಗ್ಗ ಹೊಸೆದ ಹಾಗೆ. ಮುಟ್ಟಿದರೆ ಜಿಗುಟು.

ರುದ್ರಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ಎರಡೂ ಕೈ ಮುಗಿದಳು.

‘ಜಡೆ ಬಿದ್ದೈತೆ ಕಣಕ್ಕಾ.’

‘ಜಡೆ ಹಾಕ್ಕಳಕ್ಕೇ ಕೂತಿರೋದು ಬುಡು’ ಎಂದೆ.

‘ಆ ಜಡೆ ಅಲ್ಲ. ದೇವ್ರ ಜಡೆ. ಇಲ್ಲಾ ನಿನ್ ಎಣ್ಣೆ ಕೆಟ್ಟೈತೆ, ಇಲ್ಲಾ ದೇವ್ರು ಬಂದೈತೆ. ಎರಡ್ರಲ್ಲಿ ಒಂದು.’

ಒಂದೇ ಮಾತು ನೋಡಿ. ಹಾಕಿಕೊಂಡರೆ ಹುಡುಗಿಯ ಜಡೆ, ತಾನಾಗಿ ಬಿದ್ದರೆ ದೇವರ ಜಡೆ. ಹುಡುಗಿಯದಾದರೆ ಹೂ ಮುಡಿದುಕೊಂಡು ಬಸ್ಸು ಹತ್ತುತ್ತಾಳೆ. ದೇವರದಾದರೆ ಮುಗಿಯಿತು. ಬಾಚುವ ಹಾಗಿಲ್ಲ, ಕತ್ತರಿಸುವ ಹಾಗಿಲ್ಲ, ಮದುವೆ ಮಾಡುವ ಹಾಗಿಲ್ಲ. ಭಂಡಾರ ಹಚ್ಚಿ ಮನೆಯಲ್ಲಿ ಕೂರಿಸುವುದು. ಎಲ್ಲಿಯ ಟ್ರೈನಿಂಗು, ಎಲ್ಲಿಯ ಮೇಡಂ?

ನನ್ನ ಸೊಸೆ ಶಾಂತ, ಗಿರಿಜಳ ತಾಯಿ, ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ರಕ್ತ ಇರಲಿಲ್ಲ. ಅದಕ್ಕೆ ಕಾರಣ ಇದೆ. ದಂಡಿನಶಿವರದ ಅವಳ ತವರಿನಲ್ಲಿ ಅವಳ ಅಕ್ಕ ಇದ್ದಾಳೆ. ಆಕೆಗೆ ಹದಿನಾರು ವರ್ಷಕ್ಕೆ ಹೀಗೇ ಜಡೆ ಬಿತ್ತು. ದೇವರಿಗೆ ಬಿಟ್ಟರು. ಇಪ್ಪತ್ತೈದು ವರ್ಷದಿಂದ ಹಿಂದಿನ ಕೋಣೆಯಲ್ಲಿ ಇದ್ದಾಳೆ. ಸೊಂಟದವರೆಗೆ ಇಳಿದ ಆ ಭಾರ ಹೊತ್ತು ಕತ್ತು ಒಂದು ಕಡೆಗೆ ವಾಲಿದೆ. ನಾನೇ ಕಣ್ಣಾರೆ ಕಂಡಿದ್ದೇನೆ.

‘ಶುಕ್ರವಾರ ಬೆಟ್ಟದ ದೇವ್ರ ಹತ್ರ ಹೂ ಕೇಳ್ಸಾನ. ಅಲ್ಲಿಗಂಟ ಬಾಚಣಿಗೆ ತಾಗಿಸ್ಬ್ಯಾಡಿ, ನೀರು ಹಾಕ್ಬ್ಯಾಡಿ’ ಎಂದಳು ರುದ್ರಮ್ಮ.

ಶಾಂತ ತಲೆ ಆಡಿಸಿದಳು. (ದೇವರ ನೆತ್ತಿ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಇಷ್ಟು ವಯಸ್ಸಾಯಿತು, ಎಡಕ್ಕೆ ಬಿದ್ದ ಹೂವನ್ನು ನಾನಂತೂ ಕಂಡಿಲ್ಲ.)

ನನಗೆ ಅನುಮಾನ ಹುಟ್ಟಿದ್ದು ಅಲ್ಲೇ. ದೇವರ ಮೇಲಲ್ಲ, ಮೊದಲು ಎಣ್ಣೆಯ ಮೇಲೆ.

ನನ್ನ ಎಣ್ಣೆಯ ವಿಷಯ ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ನಮ್ಮ ತೋಟದ ಕಾಯಿ, ನಮ್ಮ ಅಟ್ಟದಲ್ಲಿ ಒಣಗಿದ ಕೊಬ್ಬರಿ. ಗಂಗಣ್ಣನ ಗಾಣದಲ್ಲಿ ಆಡಿಸಿ ಊರಿನ ಮೂವತ್ತು ಮನೆಗೆ ಕೊಡುತ್ತೇನೆ. ಇವತ್ತಿನವರೆಗೆ ಒಬ್ಬರೂ ಮೂಗು ಮುರಿದಿಲ್ಲ. ರುದ್ರಮ್ಮನ ಬಾಯಲ್ಲಿ ‘ಎಣ್ಣೆ ಕೆಟ್ಟೈತೆ’ ಎಂಬ ಮಾತು ಬಂದ ಮೇಲೆ ಅದು ಕೆರೆ ಏರಿ ದಾಟಲು ಎಷ್ಟು ಹೊತ್ತು ಬೇಕು?

ಮಂಗಳವಾರ ಬೆಳಗ್ಗೆ ಬಾಟಲಿ ಹಿಡಿದು ಗಾಣದ ಮನೆಗೆ ಹೋದೆ. ‘ಏನ್ ಬೆರೆಸ್ದೆ ಗಂಗಣ್ಣ?’ ಎಂದೆ, ನೇರವಾಗಿ.

ಗಂಗಣ್ಣ ಗಾಣ ನಿಲ್ಲಿಸಿದ. ಇಪ್ಪತ್ತು ವರ್ಷದಲ್ಲಿ ನನ್ನ ಮಾತಿಗೆ ಗಾಣ ನಿಲ್ಲಿಸಿದ್ದು ಅದೇ ಮೊದಲು.

‘ನಿನ್ ಕೊಬ್ರಿ, ನನ್ ಗಾಣ. ಮೂರನೇದು ಏನೂ ಬಿದ್ದಿಲ್ಲ ಕಣವ್ವ. ಈ ಚಳಿಲಿ ಎಣ್ಣೆ ಸಾಚಾನಾ ಅಂತ ಕೇಳಕ್ಕೆ ನನ್ನತ್ರ ಯಾಕ್ ಬಂದೆ? ಎಣ್ಣೆನೇ ಕೇಳು.’

ಬಾಟಲಿ ನೋಡಿದೆ. ಮನೆಯಿಂದ ತರುವಾಗ ಗಮನಿಸಿಯೇ ಇರಲಿಲ್ಲ. ಅಡಿಯಿಂದ ಕತ್ತಿನವರೆಗೆ ಬೆಳ್ಳಗೆ, ಮೇಣದ ಹಾಗೆ ಹೆಪ್ಪುಗಟ್ಟಿತ್ತು. ಬಾಟಲಿ ಬೋರಲು ಮಾಡಿದರೂ ಒಂದು ಹನಿ ಇಳಿಯಲಿಲ್ಲ. ಕೊಬ್ಬರಿ ಎಣ್ಣೆ ಚಳಿಗೆ ಹೀಗೆ ಹೆಪ್ಪುಗಟ್ಟಿದರೆ ಅದು ಸಾಚಾ. ಸೀಮೆ ಎಣ್ಣೆಯ ದಾಯಾದಿಗಳನ್ನು ಏನಾದರೂ ಬೆರೆಸಿದ್ದರೆ ಮೇಲೆ ನೀರಾಗಿ ಅಲ್ಲಾಡುತ್ತದೆ. ನಮ್ಮ ಸೀಮೆಯಲ್ಲಿ ಇದು ಹಾಲುಗಲ್ಲದ ಕೂಸಿಗೂ ಗೊತ್ತು. ಸಿಟ್ಟಿನಲ್ಲಿ ನನಗೆ ಮರೆತುಹೋಗಿತ್ತು.

ತಪ್ಪಾಯಿತು ಎಂದು ಹೇಳಿದೆನೇ? ಇಲ್ಲ. ‘ಸರಿ, ಆಡ್ಸು’ ಎಂದು ಬಂದೆ. (ಇಲ್ಲಿ ಹೇಳುತ್ತಿದ್ದೇನೆ. ಗಂಗಣ್ಣ ಪತ್ರಿಕೆ ಓದುವುದಿಲ್ಲ. ಓದಿದವರು ಯಾರಾದರೂ ಅವನಿಗೆ ತಿಳಿಸಿ.)

ಎಣ್ಣೆ ಅಲ್ಲ. ಹಾಗಾದರೆ ನೀರೇ? ಹಿತ್ತಲಿನಲ್ಲಿ ಹೊಸ ಬೋರ್ ಹಾಕಿಸಿದ್ದೇವೆ. ನೀರು ಸವಳು. ಬೇಳೆ ಬೇಯುವುದಿಲ್ಲ, ಸೋಪಿಗೆ ನೊರೆ ಬರುವುದಿಲ್ಲ. ಆದರೆ ಅದೇ ನೀರನ್ನು ಶಾಂತಳೂ ಹಾಕಿಕೊಳ್ಳುತ್ತಾಳೆ, ನಾನೂ ಹಾಕಿಕೊಳ್ಳುತ್ತೇನೆ. ನಮ್ಮ ಇಬ್ಬರನ್ನು ಬಿಟ್ಟು ದೇವರು ಗಿರಿಜಳೊಬ್ಬಳ ತಲೆ ಹುಡುಕಿಕೊಂಡು ಬಂದನೇ?

ಶಾಂತ ಹುಡುಗಿಯನ್ನು ಅವತ್ತು ಬಸ್ಸಿಗೆ ಬಿಟ್ಟಿರಲಿಲ್ಲ. ಮಧ್ಯಾಹ್ನ ಅವಳನ್ನು ಬಚ್ಚಲಿಗೆ ಎಳೆದುಕೊಂಡು ಹೋದೆ. ಶಾಂತ ಅಡ್ಡ ಬಂದಳು.

‘ಅತ್ತೆ, ನೀರು ಹಾಕ್ಬಾರ್ದು ಅಂದವ್ರೆ.’

‘ನೀರು ಹಾಕಿದ್ರೆ ಓಡೋಗೋ ದೇವ್ರಾದ್ರೆ ಓಡೋಗ್ಲಿ ಬುಡು.’

ಸೀಗೆಪುಡಿ ಕಲಸಿ ತಿಕ್ಕಿದೆ. ಐವತ್ತು ವರ್ಷದಿಂದ ತಲೆ ತೊಳೆಯುತ್ತಿರುವ ಕೈ ಇದು. ನನ್ನವು, ಮಕ್ಕಳವು, ಬಾಣಂತಿಯರವು. ಎಂಥ ಎಣ್ಣೆ ಜಿಡ್ಡಾದರೂ ಎರಡು ಹಿಡಿ ಸೀಗೆಗೆ ಬಿಡಲೇಬೇಕು. ತೊಳೆದ ಕೂದಲು ಬೆರಳ ಸಂದಿಯಲ್ಲಿ ಎಳೆದರೆ ‘ಕಿರ್’ ಅನ್ನಬೇಕು. ಇದು ಅನ್ನಲಿಲ್ಲ. ಜಾರುತ್ತಿತ್ತು. ನೀರು ಕೂದಲಿನ ಒಳಗೇ ಇಳಿಯದೆ ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ಹೋಗುತ್ತಿತ್ತು.

ಗಂಟನ್ನು ಉಗುರಿನಿಂದ ಕೆರೆದೆ. ಉಗುರಿನ ಸಂದಿಗೆ ಬೆಳ್ಳಗಿನ ಪಾಚಿಯಂಥದ್ದು ಬಂತು. ಮೂಸಿದೆ.

ನನ್ನ ಎಣ್ಣೆಗೆ ಕೊಬ್ಬರಿ ವಾಸನೆ ಬಿಟ್ಟರೆ ಇನ್ನೊಂದು ಗೊತ್ತಿಲ್ಲ. ಇದು ಯಾವುದೋ ಊರಿನ ಹೂವಿನ ವಾಸನೆ. ಯಾವ ದೇವರು ರೀ ಸೆಂಟು ಹೊಡೆದುಕೊಂಡು ಬರುತ್ತಾನೆ?

‘ಏನ್ ಹಚ್ಕಂಡೆ?’ ಎಂದೆ.

‘ಏನಿಲ್ಲಜ್ಜಿ.’

‘ಗಿರಿಜಾ.’

ಅವಳು ಒದ್ದೆ ತಲೆಯಲ್ಲೇ ಎದ್ದು ಹೋದಳು. ಟ್ರಂಕಿನ ತಳದಿಂದ, ಸೀರೆಯ ಮಡಿಕೆಯೊಳಗಿಂದ ಒಂದು ಬಾಟಲಿ ತಂದು ನನ್ನ ಮುಂದೆ ಇಟ್ಟಳು. ಗುಲಾಬಿ ಬಣ್ಣ. ಮೇಲೆ ಒಬ್ಬಳು ಹೆಂಗಸು, ಕೂದಲು ಗಾಳಿಗೆ ಹಾರುತ್ತಿದೆ. (ಅಷ್ಟು ಗಾಳಿಯಲ್ಲಿ ತಲೆಗೆ ಸೆರಗು ಹೊದೆಯದವಳ ಮಾತು ನಾನಾದರೆ ನಂಬುತ್ತಿರಲಿಲ್ಲ.)

‘ಕಂಡೀಷನರ್ ಅಂತ ಅಜ್ಜಿ. ತಿಪಟೂರಲ್ಲಿ ಫ್ಯಾನ್ಸಿ ಸ್ಟೋರಲ್ಲಿ ಸಿಗುತ್ತೆ. ಕ್ಲಾಸಲ್ಲಿ ಎಲ್ಲಾರೂ ಹಚ್ಕಳ್ತಾರೆ. ಕೂದ್ಲು ಒಳ್ಳೆ ಕಂಡೀಷನ್ನಿಗೆ ಬತ್ತದೆ.’

‘ಕಂಡೀಷನ್ನಲ್ಲಿ ಇರೋದು ಲಾರಿ. ನಿನ್ ತಲೆಗೇನಾಗಿತ್ತು?’

‘ಎಣ್ಣೆ ತಲೆ, ಎಣ್ಣೆ ತಲೆ ಅಂತ ಆಡ್ಕಂಡು ನಗ್ತಾರೆ ಕಣಜ್ಜಿ.’

ಮೂವತ್ತು ಮನೆಗೆ ಎಣ್ಣೆ ಕೊಡುವವಳ ಮೊಮ್ಮಗಳು. ಬಾಟಲಿಯ ಮುಚ್ಚಳ ತಿರುವಿ ಮೂಸಿದೆ, ಅದೇ ಹೂವಿನ ವಾಸನೆ.

ಮೂರು ತಿಂಗಳಿಂದ ನಡೆದಿತ್ತಂತೆ. ತಲೆಸ್ನಾನ ಮಾಡುವುದು, ಬಾಟಲಿಯದನ್ನು ಬುಡದಿಂದ ತುದಿಯವರೆಗೆ ಬಳಿಯುವುದು, ಅದರ ಮೇಲೆ ಅಜ್ಜಿಗೆ ಅನುಮಾನ ಬರದಿರಲಿ ಎಂದು ನನ್ನ ಎಣ್ಣೆಯನ್ನೂ ಒಂದು ಕೈ ಸವರುವುದು, ಒದ್ದೆಯಲ್ಲೇ ಬಿಗಿದು ಕಟ್ಟುವುದು, ಬಸ್ಸಿನ ಕಿಟಕಿ ಪಕ್ಕ ಕೂತು ಹೋಗಿ ಬರುವ ಇಪ್ಪತ್ತು ಮೈಲಿಯ ಧೂಳು ತುಂಬಿಕೊಳ್ಳುವುದು. ಮೇಲೆ ಈ ಚಳಿ. ಎಣ್ಣೆ ಬಾಟಲಿಯಲ್ಲಿ ಹೆಪ್ಪುಗಟ್ಟುತ್ತದೆ, ತಲೆಯಲ್ಲಿ ಬಿಡುತ್ತದೆಯೇ?

‘ಹಚ್ಚಿ ತೊಳೀತಿದ್ದಾ, ಇಲ್ವಾ?’

‘ತೊಳೀಬೇಕು ಅಂತ ಇಂಗ್ಲಿಷಲ್ಲಿ ಬರ್ದವ್ರೆ. ದುಡ್ಡು ಕೊಟ್ಟು ತಂದು ಹಚ್ಕಂಡು ತೊಳೆದು ಬುಟ್ರೆ ಏನ್ ಬಂತಜ್ಜಿ?’

ನಗಬೇಡಿ. ನಾನೂ ನಗಲಿಲ್ಲ. ನಮ್ಮ ಈ ತೆಂಗಿನ ಸೀಮೆಯಲ್ಲಿ ಹುಟ್ಟಿದವರು ತಲೆಗೆ ಹಚ್ಚುವುದು ಎಂದರೆ ಏನು? ಹಚ್ಚಿ ಬಿಡುವುದು. ಹುಟ್ಟಿದ ಮೂರನೇ ದಿನಕ್ಕೆ ನೆತ್ತಿಗೆ ಎಣ್ಣೆ ತಟ್ಟುತ್ತೇವೆ. ಅಲ್ಲಿಂದ ತಲೆ ಒಣಗಿದ ದಿನ ಇಲ್ಲ. ಹಚ್ಚಿದ್ದು ಇರಬೇಕು, ಇಳಿಯಬೇಕು, ಹೊಳೆಯಬೇಕು. ಹಚ್ಚಿದ ಎರಡು ನಿಮಿಷಕ್ಕೆ ತೊಳೆದು ಮೋರಿಗೆ ಬಿಡಬೇಕಾದ ವಸ್ತು ಯಾವುದಾದರೂ ಇದ್ದೀತು ಎಂದು ಅವಳ ತಲೆಗೆ ಹೊಳೆದಿಲ್ಲ. ನನ್ನ ತಲೆಗೂ ಹೊಳೆಯುತ್ತಿರಲಿಲ್ಲ.

ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. ಸೀಗೆಗೂ ಬಗ್ಗದ ಜಿಡ್ಡು ಎಂಥದ್ದು? ಬುಧವಾರ ಅವಳ ಜೊತೆ ನಾನೂ ಬಸ್ಸು ಹತ್ತಿದೆ. ಸೈನ್ಸ್ ಹೇಳುವ ಮೇಡಂ ಒಬ್ಬರಿದ್ದಾರೆ, ಗಿರಿಜಳಿಗೆ ಅವರೆಂದರೆ ಪ್ರಾಣ. ಸ್ಟಾಫ್ ರೂಮಿನಲ್ಲಿ ಟಿಫನ್ ಡಬ್ಬಿ ಬಿಚ್ಚಿದ್ದರು. ನಾನು ಬಾಟಲಿ ಇಟ್ಟೆ, ಹುಡುಗಿಯ ತಲೆ ಬಗ್ಗಿಸಿ ಗಂಟು ತೋರಿಸಿದೆ.

ಮೇಡಂ ಡಬ್ಬಿ ಮುಚ್ಚಿದರು.

‘ಇದು ಕೂದಲಿಗೆ ಅಂಟೋಕೇ ಮಾಡಿರೋದು ಅಜ್ಜಿ. ಪಾಲಿಮರ್ ಅಂತ ಇರುತ್ತೆ ಇದರಲ್ಲಿ.’

‘ಪಾಲಿ ಅಂದ್ರೆ? ಪಾಲಿಸ್ಟರ್ ಸೀರೆ ನೆಂಟನಾ?’

‘ಒಂದು ಥರ ನೆಂಟನೇ’ ಎಂದು ನಕ್ಕರು. ‘ಒಣ ಕೂದಲು ಬಾಚಿದ ಬಾಚಣಿಗೆ ಕಾಗದದ ಚೂರು ಎಳೆಯುತ್ತಲ್ಲ? ಹಾಗೇ ಇದನ್ನ ಕೂದಲು ಎಳ್ಕೊಂಡು ಬಿಡುತ್ತೆ. ನೀರು ಹಾಕಿದರೂ ತೆಳ್ಳಗೆ ಒಂದು ಪದರ ಉಳಿಯುತ್ತೆ. ಆ ಪದರ ಇದ್ದರೇ ನುಣುಪು. ತೊಳೆಯದೇ ಬಿಟ್ಟರೆ ಪದರದ ಮೇಲೆ ಪದರ. ಮೇಲೆ ಎಣ್ಣೆ ಬೇರೆ. ಧೂಳು ಅದರಲ್ಲಿ ಕೂತು ಬಿಡುತ್ತೆ.’

ಅರ್ಥವಾಯಿತು. ಹಬ್ಬ ಹಬ್ಬಕ್ಕೂ ಗೋಡೆಗೆ ಸುಣ್ಣ ಬಳಿಯುತ್ತೇವಲ್ಲ? ಕೆರೆಯದೆ ಬಳಿದು ಬಳಿದು ಇಟ್ಟರೆ ಗೋಡೆ ಎಲ್ಲಿದೆ, ಸುಣ್ಣ ಎಲ್ಲಿದೆ ಎಂದು ತಿಳಿಯುವುದಿಲ್ಲ. ಹೆಂಗಸರ ತಲೆಗೂ ಸುಣ್ಣ ಬಳಿಯುವ ಕಾಲ ಬಂದಿದೆ ಎಂದಾಯಿತು.

‘ತೆಗೆಯೋದು ಹೆಂಗೆ?’

‘ಇದನ್ನೂ ಎಣ್ಣೆನೂ ಎರಡನ್ನೂ ನಿಲ್ಲಿಸಿ. ನೊರೆ ಚೆನ್ನಾಗಿ ಬರೋದರಲ್ಲಿ ಒಂದು ಸಲಕ್ಕೆ ಎರಡೆರಡು ಬಾರಿ ತೊಳೀರಿ. ಬರೀ ಶಾಂಪೂ ಆದರೂ ಆಗುತ್ತೆ, ಅಂಟುವಾಳ ಆದರೂ ಆಗುತ್ತೆ. ಬೆಚ್ಚಗಿನ ನೀರು, ಸವಳು ನೀರು ಬೇಡ. ಒಂದೇ ಸಲಕ್ಕೆ ಹೋಗಲ್ಲ, ಸಿಟ್ಟು ಮಾಡ್ಕೋಬೇಡಿ.’

ಕೊನೆಯ ಮಾತು ಯಾಕೆ ಹೇಳಿದರೋ. ಗಿರಿಜ ಮನೆಯ ಸುದ್ದಿಯನ್ನೆಲ್ಲ ಕ್ಲಾಸಿನಲ್ಲಿ ಹೇಳುತ್ತಾಳೆ ಎಂದು ಕಾಣುತ್ತದೆ.

ಅಂಗಡಿಯವನನ್ನೂ ಬಿಡಬಾರದು ಎಂದು ಫ್ಯಾನ್ಸಿ ಸ್ಟೋರಿಗೆ ನುಗ್ಗಿದೆ. ಅವನು ತಾಳ್ಮೆಯಿಂದ ಕೇಳಿದ. ಆಮೇಲೆ ಕೆಳಗಿನ ಕಪಾಟಿನಿಂದ ಇನ್ನೊಂದು ಬಾಟಲಿ ತೆಗೆದ. ‘ಅದು ಜಾಸ್ತಿ ಆದ್ರೆ ತೆಗೆಯೋಕೆ ಇದು ಕಣಮ್ಮಾ.’ ಬಣ್ಣ ಹಸಿರು. ಮೇಲೆ ಅದೇ ಹೆಂಗಸು, ಅದೇ ಗಾಳಿ.

ಅಂಟಿಸುವವನೂ ಅವನೇ, ಬಿಡಿಸುವವನೂ ಅವನೇ. ಇಂಥ ವ್ಯವಹಾರ ನಮ್ಮ ಕಡೆ ಮಾಟ ಮಾಡುವವರಲ್ಲಿ ಮಾತ್ರ ಇತ್ತು.

ಅಂಟುವಾಳದ ಕಾಯಿ ಕೊಂಡು ಬಂದೆ. ಬೀಜ ತೆಗೆದು, ಜಜ್ಜಿ, ಬಿಸಿನೀರಿನಲ್ಲಿ ನೆನೆಹಾಕಿದೆ. ಕೈಯಲ್ಲಿ ಕಿವುಚಿದರೆ ಪಾತ್ರೆ ತುಂಬ ನೊರೆ. ಬೋರ್ ನೀರು ಬಿಟ್ಟು ಹಳೇ ಬಾವಿಯಿಂದ ಸಿಹಿನೀರು ಸೇದಿದೆ. ಬುಧವಾರ ಸಂಜೆ ಎರಡು ಬಾರಿ ತೊಳೆದೆ. ಮೊದಲ ಬಾರಿ ನೊರೆ ಏಳಲೇ ಇಲ್ಲ, ಎರಡನೆಯದಕ್ಕೆ ಸ್ವಲ್ಪ ಎದ್ದಿತು. ಗುರುವಾರ ಹುಡುಗಿಗೆ ರಜೆ ಹಾಕಿಸಿ, ಬೆಳಗ್ಗೆ ಮತ್ತೆ ಎರಡು ಬಾರಿ. ನೀರು ಕೂದಲೊಳಗೆ ಇಳಿಯತೊಡಗಿತು. ಬಚ್ಚಲ ಮೋರಿಯಲ್ಲಿ ಬೂದು ಬಣ್ಣದ ಲೋಳೆ ಹರಿಯಿತು, ಮೂಗಿಗೆ ಅದೇ ಸೆಂಟು ಹೊಡೆಯಿತು. ಗುರುವಾರ ಮಧ್ಯಾಹ್ನ ಮೂರನೇ ಸಲ. ಹನ್ನೆರಡು ತಂಬಿಗೆ ನೀರು ಸುರಿದು, ಕೊನೆಯ ತಂಬಿಗೆಗೆ ಅರ್ಧ ನಿಂಬೆಹಣ್ಣು ಹಿಂಡಿದೆ. ಒಂದು ಎಳೆ ಹಿಡಿದು ಬೆರಳಲ್ಲಿ ಜಾರಿಸಿದೆ.

ಕಿರ್.

ಸುಮ್ಮನೆ ಹೇಳಬಾರದು, ಕೂಸು ಅತ್ತ ಸದ್ದು ಕೇಳಿದ ಸೂಲಗಿತ್ತಿಯ ಹಾಗಾಯಿತು ನನಗೆ.

ಗಂಟುಗಳಲ್ಲಿ ಒಂದು ಬೆರಳಲ್ಲೇ ಬಿಡಿಸಿಕೊಂಡಿತು. ಒಂದೊಂದೇ ಎಳೆ, ತುದಿಯಿಂದ ಮೇಲಕ್ಕೆ, ಎರಡು ಗಂಟೆ ಹಿಡಿಯಿತು. ಇನ್ನೊಂದು ಬಿಡಲಿಲ್ಲ. ಒಳಗೆ ಬಿಗಿದು ಕಲ್ಲಾಗಿತ್ತು.

ಶಾಂತಳಿಗೆ ‘ಕತ್ತರಿ ತಾ’ ಎಂದೆ.

ಅವಳು ಅಲ್ಲಾಡಲಿಲ್ಲ. ‘ಅತ್ತೆ, ಬ್ಯಾಡ. ನಮ್ಮಕ್ಕಂದು ಒಂದು ಎಳೆ ಕತ್ತರಿಸ್ದಾಗ ನಮ್ಮಪ್ಪ ಹಾಸಿಗೆ ಹಿಡಿದ್ರು.’

‘ನಿಮ್ಮಪ್ಪಂಗೆ ಎಷ್ಟ್ ವರ್ಷ ಆಗಿತ್ತು?’

‘ಎಪ್ಪತ್ತೆಂಟು.’

‘ಎಪ್ಪತ್ತೆಂಟಕ್ಕೆ ಹಾಸಿಗೆ ಹಿಡೀದೆ ಕುಸ್ತಿ ಹಿಡೀತಾರಾ?’

ಅವಳು ನಗಲಿಲ್ಲ. ನನಗೂ ಸ್ವಲ್ಪ ಅಳುಕಿತ್ತು, ಸುಳ್ಳು ಯಾಕೆ ಹೇಳಲಿ? ಅಕಸ್ಮಾತ್ ನಾಳೆ ಈ ಹುಡುಗಿಗೆ ಜ್ವರ ಬಂದರೂ, ಬಸ್ಸಿನ ಟಯರ್ ಸಿಡಿದರೂ, ಹಸು ಒದ್ದರೂ ಊರು ನನ್ನ ಕತ್ತರಿಯನ್ನೇ ತೋರಿಸುತ್ತದೆ. ಅದಕ್ಕೇ ಗಿರಿಜಳನ್ನೇ ಕೇಳಿದೆ. ‘ತಲೆ ನಿಂದು. ನೀನ್ ಏನಂತೀಯ?’

‘ನಾಳೆ ಹನ್ನೊಂದು ಗಂಟೆಗೆ ನಂದು ಮೂರನೇ ಕ್ಲಾಸಿಗೆ ಪಾಠ ಐತೆ ಅಜ್ಜಿ. ಇನ್ಸ್‌ಪೆಕ್ಷನ್ನು. ಬೇಗ ಕತ್ತರ್ಸು.’

ಕತ್ತರಿಸಿದೆ. ಹೆಬ್ಬೆರಳಿನಷ್ಟು ಗಂಟು ಅಂಗೈಗೆ ಬಿತ್ತು. ಉದ್ದಕ್ಕೆ ಸೀಳಿ ಶಾಂತಳಿಗೆ ತೋರಿಸಿದೆ. ಒಳಗೆ ಬಿಳಿ ಪಾಚಿ, ರಸ್ತೆ ಧೂಳು, ಒಂದು ಮುರಿದ ಬಾಚಣಿಗೆಯ ಹಲ್ಲು.

ಶುಕ್ರವಾರ ಬೆಳಗ್ಗೆ ರುದ್ರಮ್ಮ ತಟ್ಟೆಯಲ್ಲಿ ಹೂವು, ಹಣ್ಣು, ಕರ್ಪೂರ ಹಿಡಿದು ಬಂದಳು. ಜಗಲಿ ಮೇಲೆ ಗಿರಿಜ ಬಿಸಿಲಿಗೆ ಬೆನ್ನು ಕೊಟ್ಟು ಜಡೆ ಹೆಣೆದುಕೊಳ್ಳುತ್ತಿದ್ದಳು. ರುದ್ರಮ್ಮ ಕತ್ತಿನ ಹಿಂದೆ ಕೈ ಹಾಕಿ ತಡಕಿದಳು. ಬಲಕ್ಕೆ ತಡಕಿದಳು, ಎಡಕ್ಕೆ ತಡಕಿದಳು.

‘ಎಲ್ಲೋಯ್ತು ದೇವ್ರು?’

‘ಮೋರಿಲಿ. ಆತುರ ಇದ್ರೆ ಓಡು, ಇನ್ನೂ ಗದ್ದೆ ಮುಟ್ಟಿರಕ್ಕಿಲ್ಲ.’

‘ಥೂ, ನಿನ್ ಬಾಯಿಗೆ!’ ಎಂದು ಕೆನ್ನೆ ಬಡಿದುಕೊಂಡಳು. ಆದರೂ ಬಚ್ಚಲವರೆಗೆ ಹೋಗಿ ಇಣುಕಿದಳು. ಬಚ್ಚಲ ಗೂಡಿನಲ್ಲಿದ್ದ ಗುಲಾಬಿ ಬಾಟಲಿ ಕಣ್ಣಿಗೆ ಬಿತ್ತು. ದನಿ ಇಳಿಸಿದಳು. ‘ಅದ್ರಲ್ಲಿ ಇನ್ನೂ ಒಸಿ ಉಳ್ದೈತಾ ಅಕ್ಕಾ? ನನ್ ಮಗ್ಳಿಗೆ ನೋಡಾನ ಅಂತ.’

ಕೊಟ್ಟೆ. ತುದಿಗೆ ಮಾತ್ರ ಹಚ್ಚಬೇಕು, ಬುಡಕ್ಕಲ್ಲ. ಎರಡು ನಿಮಿಷಕ್ಕೆ ಚೆನ್ನಾಗಿ ತೊಳೆಯಬೇಕು. ಅದರ ಮೇಲೆ ಎಣ್ಣೆ ಬಳಿಯಬಾರದು ಎಂದು ಮೂರು ಸಲ ಹೇಳಿದೆ. ಅವಳು ಮೂರು ಸಲ ತಲೆ ಆಡಿಸಿದಳು. ತೊಳೆಯುತ್ತಾಳೆ ಎಂಬ ನಂಬಿಕೆ ನನಗಿಲ್ಲ.

ನನಗೆ ಬಾಟಲಿಯ ಮೇಲೆ ಅಷ್ಟೇನೂ ಸಿಟ್ಟಿಲ್ಲ. ಅದು ಅಂಟುವುದಕ್ಕೇ ಹುಟ್ಟಿದ್ದು, ಅಂಟಿತು. ನನಗೆ ಆಶ್ಚರ್ಯ ನಮ್ಮವರದ್ದು. ಅಟ್ಟದಲ್ಲಿ ಹತ್ತು ತಿಂಗಳು ಇಟ್ಟ ಕಾಯಿಯನ್ನೂ ಕಿವಿ ಹತ್ತಿರ ಹಿಡಿದು ಕುಲುಕುತ್ತೇವೆ. ಒಳಗೆ ಕೊಬ್ಬರಿ ಗಡಗಡ ಅಂದರೆ ಮಾತ್ರ ಒಣಗಿದೆ ಎಂದು ಒಪ್ಪುತ್ತೇವೆ. ಕಾಯಿಯ ವಿಷಯದಲ್ಲಿ ಇಷ್ಟು ಅನುಮಾನ ಇಟ್ಟುಕೊಂಡವರು, ಹುಡುಗಿಯ ತಲೆಯನ್ನು ಒಂದು ಸಲ ಮೂಸಿ ನೋಡದೆ ದೇವರಿಗೆ ಬರೆದುಕೊಡಲು ಹೊರಟಿದ್ದೆವಲ್ಲ?

ಗಿರಿಜ ಹತ್ತು ಗಂಟೆ ಬಸ್ಸಿಗೆ ಹೋದಳು. ಮೂರನೇ ಕ್ಲಾಸಿಗೆ ಮಳೆ ಹೇಗೆ ಬರುತ್ತದೆ ಎಂಬ ಪಾಠವಂತೆ. ಚೆನ್ನಾಗಿ ಆಯಿತಂತೆ.

ಶಾಂತ ಆ ಸೀಳಿದ ಗಂಟನ್ನು ಎಸೆದಿರಲಿಲ್ಲ, ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ಶನಿವಾರ ಬೆಳಗ್ಗೆ ಅಡುಗೆ ಮನೆಯಲ್ಲಿ ನನ್ನ ಎದುರು ಬಂದು ನಿಂತಳು.

‘ಅತ್ತೆ, ನಮ್ಮಕ್ಕಂಗೆ ಆಗ ಬಾಟ್ಲಿ ಗೀಟ್ಲಿ ಏನೂ ಇರ್ಲಿಲ್ಲ.’

‘ಇರ್ಲಿಲ್ಲ.’

‘ಮೂರು ತಿಂಗ್ಳು ವಿಷಮಶೀತ ಜ್ವರ ಬಂದಿತ್ತು. ಮಲಗಿದ್ದೋಳ ತಲೆನ ಯಾರೂ ಬಾಚಿರ್ಲಿಲ್ಲ. ಎದ್ದಾಗ ಜಡೆ ಬಿದ್ದಿತ್ತು. ಅಷ್ಟೇ ನಂಗೆ ಗ್ಯಾಪಕ ಇರೋದು.’

ಉಳಿದ ಅಂಟುವಾಳ ಒಲೆ ಪಕ್ಕದ ಡಬ್ಬಿಯಲ್ಲಿತ್ತು. ಅವಳೇ ತೆಗೆದಳು, ಚೀಲಕ್ಕೆ ಸುರಿದುಕೊಂಡಳು. ಕತ್ತರಿಯನ್ನು ನಾನು ಹಾಕಿದೆ. ‘ಮೊದ್ಲು ಅವಳನ್ನೇ ಕೇಳು. ಬೇಕು ಅಂದ್ರೆ ಮಾತ್ರ’ ಎಂದೆ.

ದಂಡಿನಶಿವರಕ್ಕೆ ಹೋದವಳು ನಾನು ಇದನ್ನು ಬರೆಯುವ ಹೊತ್ತಿಗೂ ವಾಪಸು ಬಂದಿಲ್ಲ. ಇಪ್ಪತ್ತೈದು ವರ್ಷದ ಜಡೆಯೊಳಗೆ ಅವಳಿಗೆ ದೇವರು ಸಿಗುತ್ತಾನೋ, ಬರೀ ಸಿಕ್ಕು ಸಿಗುತ್ತದೋ?